ಅಯ್ಯನವರು ಬರೆಯದೆ ಬಿಟ್ಟ ದಿನ

ಅವರ ಬಲಗೈ ಹೆಬ್ಬೆರಳಿನ ಉಗುರು ಉದ್ದಕ್ಕೆ ಸೀಳಿತ್ತು. ಎರಡು ಹೋಳುಗಳೂ ಬೇರೆ ಬೇರೆಯಾಗಿ ಬೆಳೆಯುತ್ತಿದ್ದವು, ಒಂದು ಸ್ವಲ್ಪ ಮೇಲೆ, ಇನ್ನೊಂದು ಸ್ವಲ್ಪ ಕೆಳಗೆ. ಮಾತಾಡುವಾಗ ಆ ಸೀಳಿಗೆ ತೋರುಬೆರಳಿನ ಉಗುರು ತೂರಿಸಿ ಒತ್ತುತ್ತಿದ್ದರು. ಚಿಕ್ಕಂದಿನಲ್ಲಿ ತಂದೆಯ ಜೊತೆ ಗೊಂಬೆ ಕಡೆಯುವ ಲೇತಿನ ಮುಂದೆ ಕೂರುತ್ತಿದ್ದರಂತೆ, ಉಳಿ ಜಾರಿ ಆದ ಗಾಯ ಅದು. ಬಲಗೈ ಎಂದು ಬರೆದೆ. ಎಡಗೈಯೂ ಇರಬಹುದು. ನನ್ನ ಬಳಿ ಅವರದೊಂದೇ ಫೋಟೋ ಇದೆ, ಅದರಲ್ಲಿ ಕೈಗಳು ಮೇಜಿನ ಕೆಳಗಿವೆ.

ಅವರು ಪ್ರೆಸ್ಬಿಟೇರಿಯನ್ ಎಂಬ ಕ್ರೈಸ್ತ ಸಭೆಯ ಪಾಸ್ಟರು. ಎಲ್ಲರೂ ಅಯ್ಯನವರು ಎನ್ನುತ್ತಿದ್ದರು. ಚನ್ನಪಟ್ಟಣದಲ್ಲಿ ಹೆಂಚಿನ ಮಾಡಿನ ಒಂದು ಸಣ್ಣ ಚರ್ಚು. ಕನಕಪುರ ಮತ್ತು ಮಾಗಡಿಯಲ್ಲಿ ಚರ್ಚು ಇರಲಿಲ್ಲ, ಯಾರದಾದರೂ ಮನೆಯ ಹಾಲಿನಲ್ಲಿ ಸೇರುತ್ತಿದ್ದರು. ಗೊಂಬೆ ಕೆಲಸದವರು, ರೇಷ್ಮೆ ನೂಲು ತೆಗೆಯುವ ಹೆಂಗಸರು, ಒಂದಿಬ್ಬರು ನರ್ಸುಗಳು, ಒಬ್ಬ ಕಂಡಕ್ಟರು. ಮೂರೂ ಊರುಗಳಿಗೆ ಅಯ್ಯನವರು ಮೊಪೆಡ್ಡಿನಲ್ಲಿ ಓಡಾಡುತ್ತಿದ್ದರು. ನಾನು ಆ ಸಭೆಯವನಲ್ಲ. ನಮ್ಮದು ಒಕ್ಕಲು ಮನೆತನ. ಸ್ಟೇಷನ್ ರಸ್ತೆಯಲ್ಲಿ ನನ್ನದೊಂದು ಡಿಟಿಪಿ ಅಂಗಡಿ. ಮದುವೆ ಪತ್ರಿಕೆ, ತಿಥಿ ಕಾರ್ಡು, ಬಿಲ್ ಪುಸ್ತಕ. ಬಿಡುವಾದಾಗ ಕತೆ ಬರೆಯುತ್ತಿದ್ದೆ. ಕತೆಗಳಲ್ಲಿ ವಾಕ್ಯಗಳನ್ನು ಮುರಿದು ಹಾಕುವುದೇ ದೊಡ್ಡದು ಎಂದುಕೊಂಡಿದ್ದ ಕಾಲ.

ಅವರು ಮೊದಲ ಸಲ ಅಂಗಡಿಗೆ ಬಂದಾಗ ಅಂಗಿಯ ಜೇಬಿನಿಂದ ಒಂದು ಕಟ್ಟು ತೆಗೆದು ಮೇಜಿನ ಮೇಲಿಟ್ಟರು. ಗೋಡೆಗೆ ನೇತುಹಾಕಿ ದಿನಕ್ಕೊಂದು ಹಾಳೆ ಹರಿಯುತ್ತೇವಲ್ಲ, ಆ ಕ್ಯಾಲೆಂಡರಿನ ಚೀಟಿಗಳು. ಬಟ್ಟೆ ಒಣಹಾಕುವ ಕ್ಲಿಪ್ಪು ಸಿಕ್ಕಿಸಿದ್ದರು. ಮುಂದೆ ತಾರೀಖು, ರಾಹುಕಾಲ, ಗುಳಿಕಕಾಲ. ಹಿಂದೆ ಅವರ ಸಣ್ಣ ಅಕ್ಷರದಲ್ಲಿ ಆ ದಿನದ ಧ್ಯಾನ, ಮೇಲೆ ಒಂದು ವೇದವಚನದ, ಎಂದರೆ ಬೈಬಲ್ ವಾಕ್ಯದ, ಸಂಖ್ಯೆ. ಬೆಳಗ್ಗೆ ಹಾಳೆ ಹರಿದು, ಸಂಜೆಯೊಳಗೆ ಅದರ ಬೆನ್ನಿಗೆ ಬರೆಯುವುದು. ಚೀಟಿ ತುಂಬಿದರೆ ನಿಲ್ಲಿಸುವುದು, ಮರುದಿನ ತಿದ್ದುವುದಿಲ್ಲ. ಯಾಕೆ ತಿದ್ದುವುದಿಲ್ಲ ಎಂದು ಕೇಳಿದ್ದೆ. ಗೊಂಬೆಗೆ ಅರಗು ಹತ್ತಿಸಿ ತಾಳೆಗರಿ ಹಿಡಿದು ಹೊಳಪು ಕೊಟ್ಟ ಮೇಲೆ ಯಾರಾದರೂ ಮತ್ತೆ ಉಳಿ ಹಾಕುತ್ತಾರಾ ಎಂದರು.

ಹಿಂದಿನ ಇಡೀ ವರ್ಷದ ಚೀಟಿಗಳನ್ನು ಪುಸ್ತಕ ಮಾಡಿ, ಬರುವ ಹೊಸ ವರ್ಷದ ಮೊದಲ ದಿನ ಸಭೆಯ ಮನೆಮನೆಗೆ ಕೊಡಬೇಕೆಂದು ಹಿರಿಯರು ತೀರ್ಮಾನಿಸಿದ್ದರು. ದಿನಕ್ಕೊಂದು ಪುಟ. ಟೈಪು ಮಾಡುವವನು ನಾನು.

ಟೈಪು ಮಾಡುತ್ತ ಓದಿದೆ. ಭಕ್ತಿಯ ಬರವಣಿಗೆ ಎಂದರೆ ನನಗೆ ಆಗ ಆಕಳಿಕೆ ಬರುತ್ತಿತ್ತು. ಇದರಲ್ಲಿ ಬರಲಿಲ್ಲ. ಒಂದು ಚೀಟಿಯಲ್ಲಿ ಸಾವನದುರ್ಗದ ತಪ್ಪಲಿನ ಕುರಿಗಾಹಿಯೊಬ್ಬನ ವಿಷಯವಿತ್ತು. ನೂರು ಕುರಿಗಳಲ್ಲಿ ಒಂದು ಕಳೆದುಹೋದರೆ ಒಳ್ಳೆಯ ಕುರುಬನು ಉಳಿದ ತೊಂಬತ್ತೊಂಬತ್ತನ್ನು ಬಿಟ್ಟು ಅದನ್ನು ಹುಡುಕಿಕೊಂಡು ಹೋಗುತ್ತಾನೆ ಎಂಬ ಬೈಬಲ್ಲಿನ ಸಾಮ್ಯಕತೆಯನ್ನು ಅಯ್ಯನವರು ಅವನಿಗೆ ಹೇಳಿದ್ದರಂತೆ. ಅವನು ಬೀಡಿ ಆರಿಸಿ ಕೇಳಿದನಂತೆ: "ಒಂದ್ರ ಹಿಂದೆ ನಾನು ಹೋದ್ರೆ, ವಾಪಸ್ ಬರೋ ಹೊತ್ಗೆ ಚಿರತೆ ಎಷ್ಟು ಉಳಿಸಿರ್ತದೆ ಸೋಮಿ?" ಚೀಟಿಯಲ್ಲಿ ಅದರ ಮುಂದೆ ಒಂದೇ ವಾಕ್ಯ: "ಅವನು ಕುರಿ ಎಣಿಸುವುದನ್ನು ನೋಡುತ್ತ ನಿಂತಿದ್ದೆ."

ಅವರ ಎಲ್ಲ ಚೀಟಿಗಳೂ ಹೀಗೇ, ಕೈ ತರಚುವಂತಿದ್ದವು. ಇನ್ನೇನು ಸಮಾಧಾನ ಸಿಗುತ್ತದೆ ಎನ್ನುವಲ್ಲಿ ಜಾಗ ಮುಗಿದಿರುತ್ತಿತ್ತು.

ಜೂನ್ ಕೊನೆಯವರೆಗಿನ ಪ್ರೂಫನ್ನು ಅವರೇ ಅಂಗಡಿಯಲ್ಲಿ ಕೂತು ತಿದ್ದಿದರು. ಆಮೇಲೆ ಕಣ್ಣು ಆಪರೇಷನ್ ಆಯಿತು. ಉಳಿದದ್ದನ್ನು ನೀನೇ ನೋಡಿಕೊಳ್ಳಪ್ಪ, ನಿನ್ನ ಮೇಲೆ ನಂಬಿಕೆ ಇದೆ ಎಂದರು. ಜುಲೈ ತಿಂಗಳ ಕಟ್ಟಿನಲ್ಲಿ ಒಂದು ಚೀಟಿಯ ಹಿಂದೆ ಏನೂ ಇರಲಿಲ್ಲ. ವಚನದ ಸಂಖ್ಯೆ ಮಾತ್ರ ಇತ್ತು. ಯಾವ ತಾರೀಖು ಎಂದು ಇಲ್ಲಿ ಬರೆಯುವುದಿಲ್ಲ.

ಬರೆಯಲು ಮರೆತಿದ್ದಾರೆ ಎಂದುಕೊಂಡೆ. ಫೋನು ಮಾಡಿದೆ, ಸ್ವಿಚ್ ಆಫ್ ಇತ್ತು. ಪ್ರೆಸ್ಸಿನವನು ಅವಸರ ಮಾಡುತ್ತಿದ್ದ. ಎರಡು ದಿನ ಕಾಯಬಹುದಿತ್ತು. ಕಾಯಲಿಲ್ಲ. ವಚನವನ್ನು ತೆಗೆದು ನೋಡಿದೆ, ದುಃಖಪಡುವವರ ಕುರಿತದ್ದು. ಅರ್ಧ ಗಂಟೆಯಲ್ಲಿ ಒಂದು ಪುಟ ಬರೆದು ಮುಗಿಸಿದೆ. ಅವರ ಹಾಗೆಯೇ ಸಣ್ಣ ವಾಕ್ಯಗಳು. ಅದರಲ್ಲಿ ಒಂದು ಸಾಲು ಹೀಗಿತ್ತು: "ಅತ್ತವರ ಕಣ್ಣೀರು ನೆಲಕ್ಕೆ ಬೀಳುವುದಿಲ್ಲ, ಹೋದವರ ಕಾಲಿನ ಧೂಳು ತೊಳೆಯುತ್ತದೆ." ಬರೆದು ಎದ್ದು ಹೋಗಿ ಎರಡು ಇಡ್ಲಿ ತಿಂದೆ. ಬಹಳ ಖುಷಿಯಾಗಿದ್ದೆ ಎಂದು ನೆನಪು.

ಪುಸ್ತಕ ಬಂತು. ಆ ಪುಟದ ವಿಷಯ ಅಯ್ಯನವರಿಗೆ ಗೊತ್ತಿರಲಿಲ್ಲ. ತಾವೇ ಬರೆದ ಪುಸ್ತಕವನ್ನು ಕೂಡ ದಿನಕ್ಕೊಂದೇ ಪುಟದಂತೆ, ಆಯಾ ದಿನವೇ ಓದುತ್ತಿದ್ದರು. ಮುಂದಿನದನ್ನು ತೆರೆಯುತ್ತಿರಲಿಲ್ಲ.

ಜುಲೈಯಲ್ಲಿ ಒಂದು ಮಧ್ಯಾಹ್ನ ಅಂಗಡಿ ಮುಂದೆ ಮೊಪೆಡ್ಡು ನಿಂತಿತು. ಹೆಲ್ಮೆಟ್ಟನ್ನು ಮೇಜಿನ ಮೇಲಿಟ್ಟು ಕೂತರು. ಪುಸ್ತಕ ತೆರೆದು ಆ ಪುಟ ನನ್ನ ಕಡೆಗೆ ತಿರುಗಿಸಿದರು. ಆ ದಿನ ತಮ್ಮ ಹೆಂಡತಿ ತೀರಿಕೊಂಡ ದಿನ ಎಂದು ಹೇಳಿದರು. ಚೀಟಿ ಬರೆಯುತ್ತಿದ್ದ ವರ್ಷವೇ, ನನ್ನ ಪರಿಚಯವಾಗುವ ಮೊದಲು, ಬೆಂಗಳೂರಿನ ಆಸ್ಪತ್ರೆಯಲ್ಲಿ. ಬೆಳಗ್ಗೆ ಹಾಳೆ ಹರಿದು ವಚನದ ಸಂಖ್ಯೆ ಹಾಕಿದ್ದರು. ಅಷ್ಟರಲ್ಲಿ ಫೋನು ಬಂತು.

ನಾನು ಏನು ಹೇಳಿದೆನೋ ತಿಳಿಯದು. ಕ್ಷಮಿಸಿ ಎಂದಿರಬೇಕು. ಅಂದೆ ಎಂದು ಬರೆದುಕೊಂಡರೆ ಚೆನ್ನಾಗಿ ಕಾಣುತ್ತದೆ, ಆದರೆ ಖಾತ್ರಿ ಇಲ್ಲ. ಅವರ ಮಾತು ಮಾತ್ರ ಖಾತ್ರಿಯಾಗಿ ನೆನಪಿದೆ.

"ಇದ ಬರೆಯೋವಾಗ ನಿಮ್ಮನೇಲಿ ಯಾರ್ ಸತ್ತಿದ್ರಪ್ಪ?"

"ಯಾರೂ ಇಲ್ಲ ಅಯ್ಯ."

"ಅದ್ಕೇ ಇಷ್ಟು ನುಣ್ಣಗೆ ಬಂದೈತೆ."

ಸಿಟ್ಟು ಇರಲಿಲ್ಲ. ಮರ ನೋಡಿ ಇದು ಗೊಂಬೆಗೆ ಆಗುವ ಆಲೆ ಮರ ಎನ್ನುವ ಹಾಗೆ ಅಂದರು. ಟೀ ತರಿಸಿದೆ. ಒಸಿ ಸಕ್ಕರೆ ಜಾಸ್ತಿಯಾಯಿತು ಎಂದು ಹೇಳಿ ಪೂರ್ತಿ ಕುಡಿದು ಹೋದರು.

ಮುಂದೆ ಆ ಪುಟ ಅವರ ಕೈ ಮೀರಿತು. ಸಾವಿನ ಮನೆಗಳಲ್ಲಿ ಹಿರಿಯರು ಅದನ್ನೇ ಓದತೊಡಗಿದರು. ಅದರ ಸಾಲನ್ನು ಸಮಾಧಿ ಕಲ್ಲಿಗೆ ಕೆತ್ತಿಸಲು ಒಬ್ಬರು ನನ್ನ ಹತ್ತಿರವೇ ಅಕ್ಷರ ಮಾಡಿಸಿಕೊಂಡು ಹೋದರು. ಕೆಳಗೆ ಅಯ್ಯನವರ ಹೆಸರು ಹಾಕಿ ಎಂದರು. ಹಾಕಿದೆ.

ಎರಡು ವರ್ಷಕ್ಕೆ ಪುಸ್ತಕದ ಪ್ರತಿ ಮುಗಿದು, ಎರಡನೆಯ ಸಲ ಅಚ್ಚು ಮಾಡುವ ಮಾತು ಬಂತು. ಆ ಪುಟ ಖಾಲಿ ಇರಲಿ ಎಂದು ಅಯ್ಯನವರು ಹಿರಿಯರ ಸಭೆಯ ಮುಂದಿಟ್ಟರು. ಅವರಲ್ಲಿ ಒಂದು ಪದ್ಧತಿ. ಸಭೆಯ ಕೆಲಸವನ್ನೆಲ್ಲ ಜನ ಆರಿಸಿದ ಹಿರಿಯರು ತೀರ್ಮಾನಿಸುತ್ತಾರೆ. ಪಾಸ್ಟರು ಅಧ್ಯಕ್ಷತೆ ವಹಿಸುತ್ತಾರೆ, ಆದರೆ ಅವರಿಗೆ ಮತ ಇಲ್ಲ. ಪುಸ್ತಕ ಅಚ್ಚು ಹಾಕಿಸುವುದು ಸಭೆ, ಹಾಗಾಗಿ ಪುಟ ಅವರ ಹೆಂಡತಿಯ ಸಾವಿನದಾದರೂ ತೀರ್ಮಾನ ಏಳು ಜನ ಹಿರಿಯರದು.

ನನ್ನನ್ನೂ ಕರೆಸಿದ್ದರು. ನಾನು ಹೋಗುವ ಹೊತ್ತಿಗೆ ಸಭೆ ಶುರುವಾಗಿ ತುಂಬ ಹೊತ್ತಾಗಿತ್ತು. ಚರ್ಚಿನ ಹಿಂದಿನ ಕೋಣೆ, ಪ್ಲಾಸ್ಟಿಕ್ ಕುರ್ಚಿಗಳು. ಕನಕಪುರದ ನಿವೃತ್ತ ನರ್ಸಮ್ಮ ಹಿರಿಯರಲ್ಲಿ ಒಬ್ಬರು. ಅವರ ಮಗ ಹಿಂದಿನ ವರ್ಷ ಹೆದ್ದಾರಿಯಲ್ಲಿ ಲಾರಿಗೆ ಸಿಕ್ಕಿ ಹೋಗಿದ್ದ. ದಿನಾ ಆ ಪುಟ ಓದಿಯೇ ಮಲಗುವುದು ಎಂದು ಅವರು ಹೇಳುತ್ತಿದ್ದರು. ಆಮೇಲೆ ನನ್ನ ಕಡೆ ತಿರುಗಿ, ಖಾಲಿ ಪುಟ ಬಿಟ್ಟರೆ ಜನ ಏನನ್ನುತ್ತಾರೆ, ಅಚ್ಚಿನ ಕೆಲಸದವನು ನೀನು ಹೇಳು ಎಂದರು. ಅಯ್ಯನವರು ತಲೆಯೆತ್ತಿ ನನ್ನನ್ನು ನೋಡಿದರು. ಹೆಬ್ಬೆರಳ ಉಗುರನ್ನು ಒತ್ತುತ್ತಿದ್ದರು.

ಅದು ನಾನು ಬರೆದದ್ದು ಎಂದು ಹೇಳಬೇಕಾದ ಜಾಗ ಅದು.

"ಮಿಸ್ಟೇಕ್ ಅಂತಾರೆ," ಎಂದೆ.

ಅಯ್ಯನವರು ಕಣ್ಣು ಇಳಿಸಿದರು. ಮತಕ್ಕೆ ಹಾಕಿದರು. ಪುಟ ಇರಲಿ ಎಂದು ಐವರು, ಬೇಡ ಎಂದು ಇಬ್ಬರು ಕೈ ಎತ್ತಿದರು. ನಡಾವಳಿ ಪುಸ್ತಕದಲ್ಲಿ ಅದನ್ನು ಅವರೇ ಬರೆದು ಸಹಿ ಹಾಕಿದರು. ಹೊರಗೆ ಬಂದಾಗ ನನ್ನ ಬೈಕಿನ ಸೈಡ್ ಸ್ಟ್ಯಾಂಡು ನೆಲದಲ್ಲಿ ಹೂತಿತ್ತು, ಅವರೇ ಹಿಂದಿನಿಂದ ಹಿಡಿದು ಎತ್ತಿಕೊಟ್ಟರು.

ಆಮೇಲೂ ಅವರು ಅಂಗಡಿಗೆ ಬರುತ್ತಿದ್ದರು. ನನ್ನ ಕತೆಗಳನ್ನು ಕೇಳಿ ಪಡೆದು ಓದಿದರು. ಒಂದನ್ನು ಹಿಂತಿರುಗಿಸುತ್ತ, ವಾಕ್ಯ ಮುರಿಯೋದು ಸರಿ, ಕೈಲಿ ಏನು ಇತ್ತು ಅಂತ ಮುರಿದೆ ಎಂದು ಕೇಳಿದರು. ಆ ಪ್ರಶ್ನೆಯಿಂದ ನಾನು ಎಷ್ಟು ಬದಲಾದೆ ಎಂದು ಅಳೆಯಲಾರೆ. ಮೂರು ವರ್ಷ ಕತೆ ಬರೆಯಲಿಲ್ಲ ಎಂಬುದಷ್ಟೇ ಗೊತ್ತು.

ಕನಕಪುರದ ಒಂದು ಮನೆಯಲ್ಲಿ ಪ್ರಾರ್ಥನೆ ಮುಗಿಸಿ, ಬಾಗಿಲಲ್ಲಿ ಚಪ್ಪಲಿ ಮೆಟ್ಟಿಕೊಳ್ಳಲು ಬಗ್ಗಿದ ಅಯ್ಯನವರು ಮತ್ತೆ ಏಳಲಿಲ್ಲ. ಮಾರನೆಯ ದಿನ ಚನ್ನಪಟ್ಟಣದಲ್ಲಿ ಮಣ್ಣು ಮಾಡಿದರು. ಜನ ಬಹಳ ಇದ್ದರು, ಸಾಬರು, ಲಿಂಗಾಯತರು, ನಮ್ಮವರು. ನಾನೂ ಒಂದು ಹಿಡಿ ಮಣ್ಣು ಹಾಕಿದೆ. ಜೇಬಿನಲ್ಲಿ ಫೋನು ಅದುರುತ್ತಿತ್ತು, ಯಾರೋ ವಿಸಿಟಿಂಗ್ ಕಾರ್ಡು ರೆಡಿಯಾಯಿತಾ ಎಂದು ಕೇಳುವವರು. ತೆಗೆದು ನೋಡಿ ಮತ್ತೆ ಜೇಬಿಗೆ ಹಾಕಿದೆ. ಅಳು ಬರಲಿಲ್ಲ. ಅಲ್ಲಿ ಒಬ್ಬ ಹಿರಿಯರು ಆ ಪುಟವನ್ನು ಗಟ್ಟಿಯಾಗಿ ಓದುತ್ತಿದ್ದರು. ಕಣ್ಣೀರು ಧೂಳು ತೊಳೆಯುವ ಸಾಲು ಬಂದಾಗ ಹೆಂಗಸರು ಬಿಕ್ಕಿದರು. ಆ ವಾಕ್ಯದಲ್ಲಿ ಅಲ್ಪವಿರಾಮ ಬೇರೆ ಕಡೆ ಇರಬೇಕಿತ್ತು ಎಂದು ನನಗೆ ಅನ್ನಿಸಿತು. ಅಷ್ಟೇ ಅನ್ನಿಸಿದ್ದು.

ಮರು ವರ್ಷ ನರ್ಸಮ್ಮ ಅಂಗಡಿಗೆ ಬಂದರು. ಪುಸ್ತಕ ಮೂರನೆಯ ಸಲ ಅಚ್ಚಾಗಬೇಕಿತ್ತು. ಅವರು ಕುರ್ಚಿ ಎಳೆದುಕೊಂಡು ಕೂರುವ ಮೊದಲೇ ಹೇಳಿಬಿಟ್ಟೆ, ಜುಲೈಯ ಆ ಪುಟ ಅಯ್ಯನವರದಲ್ಲ, ನಾನು ಬರೆದದ್ದು ಎಂದು.

"ಗೊತ್ತು ಕಣ್ ಮಗ," ಎಂದರು ನರ್ಸಮ್ಮ.

ಆ ದಿನದ ಸಭೆಯಲ್ಲಿ ನಾನು ಹೋಗುವ ಮೊದಲೇ ಅಯ್ಯನವರು ಹಿರಿಯರಿಗೆ ಎಲ್ಲವನ್ನೂ ಹೇಳಿದ್ದರಂತೆ. ಬರೆದವನು ಅವನು, ತಪ್ಪು ತಿಳಿದು ಬರೆದ, ಕೆಟ್ಟ ಮನಸ್ಸಿನಿಂದಲ್ಲ, ಅವನು ಬಂದಾಗ ಯಾರೂ ಕೇಳಬೇಡಿ, ತಾನಾಗಿ ಹೇಳಿದರೆ ಹೇಳಲಿ ಎಂದು. ಏಳು ಜನರೂ ತಿಳಿದೇ ಕೂತಿದ್ದರು. ಕಾಯುತ್ತಿದ್ದರು.

"ನೀನು ಬಾಯ್ಬುಟ್ಟು, ಅದ ತೆಗೀರಿ ಅಂದಿದ್ರೆ ತೆಗೆಯೋರು. ಬರ್ದೋನೇ ಸುಮ್ಕೆ ಕೂತ್ಕಂಡ. ಪುಟ ಉಳೀಬೇಕು ಅನ್ನೋ ಆಸೆ ಇವ್ನಿಗೆ ಅನ್ಕಂಡೋ."

ನನಗೆ ಅವಮಾನವಾಯಿತು ಎಂದು ಬರೆಯಬಹುದು. ಆದದ್ದು ಅದಲ್ಲ. ಹಲ್ಲು ಕೀಳುವ ಮೊದಲು ಇಂಜೆಕ್ಷನ್ ಕೊಟ್ಟ ಮೇಲೆ ಕೆನ್ನೆ ಮುಟ್ಟಿಕೊಂಡರೆ ಹೇಗಿರುತ್ತದೋ ಹಾಗಿತ್ತು. ಈಗ ತೆಗೆಯಬಹುದಾ ಎಂದು ಕೇಳಿದೆ. ಮತ್ತೆ ಸಭೆಗೇ ತರಬೇಕು, ಬಂದು ಹೇಳುತ್ತೀಯಾ ಎಂದರು. ಬರುತ್ತೇನೆ ಎಂದೆ.

ಹೋದೆ. ಹೊಸ ಪಾಸ್ಟರು ಅಧ್ಯಕ್ಷತೆ ವಹಿಸಿದ್ದರು, ಅವರಿಗೆ ಅಯ್ಯನವರ ಮುಖ ಕಂಡು ಗೊತ್ತಿಲ್ಲ. ಎದ್ದು ನಿಂತು ನಾಲ್ಕು ವಾಕ್ಯ ಹೇಳಿದೆ. ಬರೆದದ್ದು ನಾನು. ಆ ದಿನಕ್ಕೆ ಅವರು ಏನೂ ಬರೆದಿರಲಿಲ್ಲ. ಹಾಗೇ ಬಿಡಬೇಕೆಂಬುದು ಅವರ ಇಷ್ಟವಾಗಿತ್ತು. ಅವತ್ತು ಹೇಳಬೇಕಿತ್ತು, ಹೇಳಲಿಲ್ಲ. ಕೂತೆ. ಯಾರೂ ಆಶ್ಚರ್ಯಪಡಲಿಲ್ಲ. ಖಾಲಿ ಬಿಡುವುದಕ್ಕೆ ನಾಲ್ಕು ಕೈ, ಬೇಡವೆಂದು ಮೂರು. ಬೇಡವೆಂದವರಲ್ಲಿ ನರ್ಸಮ್ಮ ಒಬ್ಬರು. ಮೆಟ್ಟಿಲಿಳಿಯುವಾಗ ನನ್ನ ತೋಳು ಹಿಡಿದುಕೊಂಡು, ಹಳೇ ಪುಸ್ತಕ ನನ್ನ ಹತ್ತಿರ ಐತೆ ಬುಡು, ಅದ್ರಲ್ಲೇ ಓದ್ಕತೀನಿ ಎಂದರು.

ಮೂರನೆಯ ಮುದ್ರಣದಲ್ಲಿ ಆ ಪುಟದ ಮೇಲೆ ತಾರೀಖು, ಕೆಳಗೆ ವಚನದ ಸಂಖ್ಯೆ. ಬೇರೇನೂ ಇಲ್ಲ. ಪುಸ್ತಕದ ಕೊನೆಯಲ್ಲಿ ನನ್ನ ಅಂಗಡಿಯ ನಂಬರು ಇರುವುದರಿಂದ ಪ್ರತಿ ಜುಲೈಯಲ್ಲಿ ಫೋನುಗಳು ಬರುತ್ತವೆ. ಈ ವರ್ಷ ಮಾಗಡಿ ಕಡೆಯ ಒಬ್ಬರು ಮಾಡಿದ್ದರು. ಒಂದು ಪೇಜು ಪ್ರಿಂಟೇ ಆಗಿಲ್ಲ, ಬೇರೆ ಪುಸ್ತಕ ಬದಲಾಯಿಸಿ ಕೊಡುತ್ತೀರಾ ಎಂದು ಕೇಳಿದರು.

"ಎಲ್ಲಾದ್ರಲ್ಲೂ ಹಂಗೇ ಐತೆ ಸಾರ್. ಅವತ್ತಿಗೆ ಅಯ್ಯನವ್ರು ಏನೂ ಬರೀಲಿಲ್ಲ."

"ಯಾಕಂತೆ?"

"ಅವತ್ತು ಅವ್ರ ಮನೆಯವ್ರು ತೀರ್ಕಂಡ್ರು."

ಆ ಕಡೆ ಬಸ್ಸೊಂದು ಹಾರನ್ ಹೊಡೆದುಕೊಂಡು ಹೋಯಿತು.

"ಸರಿ ಬುಡಿ," ಎಂದರು. "ಇದೇ ಇರ್ಲಿ."