ಖುಷಿಗೆ ನಡುಗಿದ್ದಲ್ಲ ಕಣ್ರೀ!

ನಾನು ಅಜ್ಜಿಯಾದೆ!

ಮೊನ್ನೆ ಸೋಮವಾರ ಬೆಳಿಗ್ಗೆ ಪಾಂಡವಪುರದ ನರ್ಸಿಂಗ್ ಹೋಮಿನಲ್ಲಿ ನಮ್ಮ ಮಗಳು ಸುಜಾತಾಗೆ ಹೆಣ್ಣು ಮಗು. ತಲೆತುಂಬ ಕೂದಲು. ಮೂಗು ನಂದು. (ಅದು ತನ್ನ ಮೂಗು ಅಂತ ನಮ್ಮ ಬೀಗಿತ್ತಿ ಕೆಂಪಮ್ಮ ವಾದ ಮಾಡುತ್ತಿದ್ದಾರೆ. ಮಾಡಲಿ. ಪೇಪರಿನಲ್ಲಿ ಬರೆಯುವವಳು ನಾನು.)

ಇದೇನು ಮಹಾ, ಲೋಕದಲ್ಲಿ ಬೇರೆ ಯಾರೂ ಅಜ್ಜಿ ಆಗಿಲ್ಲವೇ ಅಂತೀರಾ? ಆಗಿದ್ದಾರೆ. ಆದರೆ ನಾನು ಆಗುತ್ತೇನೆ ಅಂತ ಯಾರೂ ಅಂದುಕೊಂಡಿರಲಿಲ್ಲ.

ನಾಲ್ಕನೇ ಕ್ಲಾಸಿನಲ್ಲಿದ್ದಾಗ ನನಗೆ ಸಕ್ಕರೆ ಕಾಯಿಲೆ ಬಂತು. ವಯಸ್ಸಾದವರು ಮಾತ್ರೆ ನುಂಗುತ್ತಾರಲ್ಲ, ಅದಲ್ಲ. ಚಿಕ್ಕಂದಿನಲ್ಲೇ ಬಂದು ಅಂಟಿಕೊಳ್ಳುವ, ದಿನಾ ಇನ್ಸುಲಿನ್ ಸೂಜಿ ಚುಚ್ಚಿಕೊಳ್ಳಲೇಬೇಕಾದ ಜಾತಿಯದು. ಸ್ಕೂಲು ಅಲ್ಲಿಗೇ ನಿಂತಿತು. "ಈ ಕೂಸು ಮೈನೆರೆಯೋಗಂಟ ಇದ್ರೆ ಎಚ್ಚು ಕಣವ್ವ" ಅಂತ ಪಕ್ಕದ ಮನೆಯ ಮುದುಕಿ ನನ್ನೆದುರೇ ಅಂದಿದ್ದಳು. (ಅವಳ ತಿಥಿಯ ವಡೆ ತಿಂದು ಬಂದೆ. ಚೆನ್ನಾಗಿತ್ತು.)

ಹೆಣ್ಣು ನೋಡಲು ಬಂದವರೆಲ್ಲ ಸೂಜಿ ಅಂದೊಡನೆ ಚಪ್ಪಲಿ ಹುಡುಕುತ್ತಿದ್ದರು. ಕೊನೆಗೆ ಒಪ್ಪಿದ್ದು ಯಾರು ಗೊತ್ತೇ? ಚಿನಕುರಳಿಯ ಆಲೆಮನೆಯ ಹುಡುಗ! ದಿನಾ ಕೊಪ್ಪರಿಗೆಗಟ್ಟಲೆ ಬೆಲ್ಲ ಕಾಯಿಸುವವರು. ಅವರಪ್ಪ ಹಿಂದೆಮುಂದೆ ನೋಡಿದಾಗ ಇವರು ಅಂದರಂತೆ: "ಉಡ್ಗಿ ಬೆಲ್ಲ ತಿನ್ನಕಿಲ್ಲ ಅಂದ್ರೆ ಒಳ್ಳೇದೇ ಆಯ್ತು ಬುಡಪ್ಪ, ಮಾರಕ್ಕೆ ಜಾಸ್ತಿ ಮಿಗ್ತದೆ."

ಅಂಥ ಗಂಡ.

ಸರಿ, ಸೋಮವಾರಕ್ಕೆ ಬರೋಣ. ಬೆಳಿಗ್ಗೆ ಸೂಜಿ ಚುಚ್ಚಿಕೊಂಡು, ಕಾವಲಿಯ ಮೇಲೆ ರೊಟ್ಟಿ ತಟ್ಟಿದ್ದೆ. ಬಾಣಂತನಕ್ಕೆ ತವರಿಗೆ ಬಂದಿದ್ದ ಸುಜಾತ ಒಳಗಿನಿಂದ "ಅವ್ವಾ!" ಅಂದಳು. ಅಷ್ಟೇ. ಒಲೆ ಆರಿಸಿದೆ, ಆಟೋ ಹತ್ತಿಸಿದೆ, ಓಡಿದೆ. ಇನ್ಸುಲಿನ್ ಮೈಯೊಳಗೆ, ರೊಟ್ಟಿ ಕಾವಲಿಯ ಮೇಲೆ!

ಸೂಜಿ ಚುಚ್ಚಿಕೊಂಡು ಉಣ್ಣದೆ ಇದ್ದರೆ ಏನಾಗುತ್ತದೆ? ರಕ್ತದ ಸಕ್ಕರೆ ಬಾವಿಗೆ ಬಿದ್ದ ಬಿಂದಿಗೆಯ ಹಾಗೆ ಇಳಿಯುತ್ತದೆ. ಕೈ ನಡುಗುತ್ತದೆ. ಬೆವರು ಕಿತ್ತುಕೊಳ್ಳುತ್ತದೆ. ಕಣ್ಣಲ್ಲಿ ನೀರು. ಬಾಯಿ ಏನೇನೋ ಒದರುತ್ತದೆ. ಆ ಹೊತ್ತಿಗೆ ಸಿಹಿ ಬಾಯಿಗೆ ಬೀಳದಿದ್ದರೆ ಎಚ್ಚರ ತಪ್ಪುತ್ತದೆ. ಜೀವಕ್ಕೇ ಬಂದೀತು.

ಈಗ ನೀವೇ ಹೇಳಿ, ಮೊದಲ ಮೊಮ್ಮಗಳನ್ನು ಕಂಡ ಅಜ್ಜಿಗೂ ಇದೆಲ್ಲ ಆಗುವುದಿಲ್ಲವೇ?

ನರ್ಸಮ್ಮ ಮಗುವನ್ನು ಎತ್ತಿಕೊಂಡು ಹೊರಗೆ ಬಂದರು. ನಾನು ಕೈ ಚಾಚಿದೆ. ಎರಡೂ ಕೈ ಗಾಳಿಗೆ ಸಿಕ್ಕ ಅರಳಿ ಎಲೆ.

"ಅಯ್ಯೋ ನೋಡ್ರವ್ವ, ಬೀಗ್ತಿಗೆ ಖುಷಿಗೆ ಎಂಗ್ ನಡುಗ್ತಾವೆ ಕೈಯಿ! ಕೂಸ ಬೀಳಿಸ್ಬುಟ್ಟಾರು, ಇಂಗ್ ಕೊಡಿ" ಅಂತ ಕೆಂಪಮ್ಮ ಮಗುವನ್ನು ತಾವೇ ತೆಗೆದುಕೊಂಡರು. ನನ್ನ ಮೂಗಿನ ಮಗು, ಅವರ ಮಡಿಲಿಗೆ!

"ಕರ ಹಾಲು ಕುಡೀತಾ?" ಅಂದೆ ನಾನು. ಮಗು ಅನ್ನಲು ಹೋಗಿ ಬಾಯಿಗೆ ಬಂದದ್ದು ಕರು.

ವೆರಾಂಡವೇ ನಕ್ಕಿತು. "ಸಂತೋಸ ತಲೆಗೇರ್ಬುಟ್ಟದೆ" ಅಂದರು ಕೆಂಪಮ್ಮ.

ಅಷ್ಟರಲ್ಲಿ ಅಳಿಯ ರಮೇಶ ಮೈಸೂರು ಪಾಕಿನ ಬಾಕ್ಸ್ ಹಿಡಿದು ಬಂದ. ನರ್ಸಿಗೆ ಕೊಟ್ಟ. ಆಯಾಗೆ ಕೊಟ್ಟ. ವಾಚ್‌ಮನ್ನಿಗೆ ಕೊಟ್ಟ. ಜ್ವರಕ್ಕೆ ತೋರಿಸಲು ಬಂದಿದ್ದ ಅಪರಿಚಿತರಿಗೂ ಕೊಟ್ಟ. ನನ್ನ ಹತ್ತಿರ ಬಂದವನೇ ಬಾಕ್ಸನ್ನು ಬೆನ್ನ ಹಿಂದೆ ಮುಚ್ಚಿಟ್ಟುಕೊಂಡ.

"ಅತ್ತೆ, ನಿಮ್ಗೆ ಅಂತ್ಲೇ ಖಾರಸೇವೆ ತಂದಿವ್ನಿ."

ಎಂಥ ಚಿನ್ನದಂಥ ಅಳಿಯ! ಕುತ್ತಿಗೆ ಹಿಸುಕೋಣ ಅನ್ನಿಸಿತು.

ಬಾಯಿ ಬಿಟ್ಟು ಹೇಳೋಣ ಅಂದರೆ ಮಾತು ಹೊರಡಲೊಲ್ಲದು. ಆಯಾಳ ಕೈಯಲ್ಲಿದ್ದ ಅರ್ಧ ಮೈಸೂರು ಪಾಕಿಗೇ ಕೈ ಹಾಕಿಬಿಟ್ಟೆ. ಕೆಂಪಮ್ಮ ಕಿರುಚಿದರು: "ಇಡ್ಕೊಳ್ರಪ್ಪೋ! ಸಕ್ಕರೆ ಕಾಯ್ಲೆಯೋರು! ತಿಂದ್ರೆ ಸತ್ತೋಯ್ತಾರೆ!"

ತಿನ್ನದೆ ಸಾಯುತ್ತಿದ್ದೆ ಕಣ್ರೀ! ಅಳಿಯ ಒಂದು ಕೈ ಹಿಡಿದ, ವಾಚ್‌ಮನ್ ಇನ್ನೊಂದು. ಮೈಸೂರು ಪಾಕು ಪುಡಿಪುಡಿಯಾಗಿ ನೆಲಕ್ಕೆ. ಕಣ್ಣು ಕತ್ತಲಿಟ್ಟಿತು. ಮೊಮ್ಮಗಳನ್ನು ಒಂದು ಸಲ ಎತ್ತಿಕೊಳ್ಳದೆಯೇ ಹೋಗಿಬಿಡುತ್ತೇನಾ ಅಂತ ನಿಜವಾಗಿಯೂ ಹೆದರಿದೆ.

ಆಗ ಬಾಗಿಲಲ್ಲಿ ಯಜಮಾನರು. ಆಲೆಮನೆಯಿಂದ ಮನೆಗೆ ಹೋಗಿ ಮೊಪೆಡ್ಡಿನಲ್ಲಿ ಬಂದವರು. ಮಗುವಿನ ಕಡೆ ನೋಡಲಿಲ್ಲ, ನನ್ನ ಮುಖ ನೋಡಿದರು.

"ಕೈ ಬುಡ್ರಪ್ಪೋ ಮೊದ್ಲು! ಬಾಯ್ ತೆಗಿ ಅಮ್ಮಿ."

ಅಂಗಿ ಜೇಬಿನಿಂದ ಒಂದು ಉಂಡೆ ಬೆಲ್ಲ ತೆಗೆದು ನನ್ನ ಬಾಯಿಗೆ ತುರುಕಿದರು.

"ಅಲ್ಲ ಬೀಗ್ರೇ, ಸಕ್ಕರೆ ಕಾಯ್ಲೆಗೆ ಬೆಲ್ಲವಾ!" ಅಂತ ಕೆಂಪಮ್ಮ ಎದೆ ಹಿಡಿದುಕೊಂಡರು.

"ದಿನಾ ಅಲ್ಲ ಕಣವ್ವ, ಇಂಗಾದಾಗ" ಅಂದರು ಇವರು. "ಮನೆಗೋಗಿ ನೋಡಿದ್ರೆ ರೊಟ್ಟಿ ಕಾವ್ಲಿ ಮ್ಯಾಲೇ ಅದೆ. ಉಂಡಿಲ್ಲ ಅಂತ ಗೊತ್ತಾಯ್ತು." ಆ ಸೀದ ರೊಟ್ಟಿಯನ್ನೇ ಟವೆಲ್ಲಿನಲ್ಲಿ ಸುತ್ತಿ ತಂದಿದ್ದರು. ಮದುವೆಯಾದಾಗಿನಿಂದ ಅವರ ಜೇಬಿನಲ್ಲಿ ದುಡ್ಡು ಇಲ್ಲದ ದಿನ ಉಂಟು, ಬೆಲ್ಲ ಇಲ್ಲದ ದಿನವಿಲ್ಲ. ಅಂಗಿ ಒಗೆಯುವವಳಿಗೆ ಇರುವೆ ಕಾಟ ತಪ್ಪಿದ್ದಿಲ್ಲ. (ಒಗೆಯುವವಳು ನಾನೇ.)

ಸ್ವಲ್ಪ ಹೊತ್ತಿಗೆ ಬೆವರು ಆರಿತು. ರೊಟ್ಟಿ ತಿಂದೆ. ಕೈ ಚಾಚಿದೆ. ಕಲ್ಲಿನ ಹಾಗೆ ನಿಂತಿತ್ತು ಕೈ. ಕೆಂಪಮ್ಮ ತಾವಾಗಿಯೇ ಮಗುವನ್ನು ನನ್ನ ಮಡಿಲಲ್ಲಿಟ್ಟರು. ಇರುವೆಯಷ್ಟೂ ಭಾರವಿಲ್ಲ ಅನ್ನಿಸಿತು. ಆಗ ಅತ್ತುಬಿಟ್ಟೆ ನೋಡಿ, ಅದು ಅಸಲಿ ಖುಷಿ.

ಸಂಜೆ ಯಜಮಾನರು ಮನೆಯಿಂದ ಮುದ್ದೆ, ಉಪ್ಸಾರು, ನನ್ನ ಇನ್ಸುಲಿನ್ ಎಲ್ಲ ತಂದರು. ಸುಜಾತ ಮಂಚದ ಮೇಲೆ, ಮಗು ಅವಳ ಪಕ್ಕ, ನಾವೆಲ್ಲ ಕೆಳಗೆ ಸುತ್ತ ಕೂತೆವು. ನರ್ಸಮ್ಮ ಬೈಯಲು ಬಂದವರು ಉಪ್ಸಾರಿನ ವಾಸನೆಗೆ ಸುಮ್ಮನಾದರು. ನಾನು ಸೂಜಿ ಚುಚ್ಚಿಕೊಂಡ ಮೇಲೆ ಯಾರನ್ನೂ ಅಲ್ಲಾಡಲು ಬಿಡದೆ ಕೂರಿಸಿದವರು ಕೆಂಪಮ್ಮ. "ಬೀಗ್ತಿ ಮೊದ್ಲು ಬಾಯಿಗಿಟ್ಕಳ್ಳಿ. ಆಮ್ಯಾಕೆ ನೀವು!"

ಅಷ್ಟರಲ್ಲಿ ಮಗು ಆಕಳಿಸಿತು. ಅಷ್ಟಗಲ ಬಾಯಿ! ನನಗೆ ನಗು ತಡೆಯಲಾಗಲಿಲ್ಲ. ನಕ್ಕೂ ನಕ್ಕೂ ಕಣ್ಣಲ್ಲಿ ನೀರು ಬಂತು, ಕೈಯಲ್ಲಿದ್ದ ಮುದ್ದೆ ಅಲುಗಿತು.

ತಕ್ಷಣ ಯಜಮಾನರ ಕೈ ಜೇಬಿಗೆ. ಅಳಿಯನ ಕೈ ಮೈಸೂರು ಪಾಕಿನ ಬಾಕ್ಸಿಗೆ. ಕೆಂಪಮ್ಮನ ಕೈ ಸೆರಗಿನ ಗಂಟಿಗೆ. ಅಲ್ಲಿಯೂ ಒಂದು ಉಂಡೆ ಬೆಲ್ಲ!

ಇನ್ನು ಮೇಲೆ ಈ ಮನೆಯಲ್ಲಿ ನಾನು ನಗಬೇಕಾದರೂ ಪರ್ಮಿಷನ್ ತೆಗೆದುಕೊಳ್ಳಬೇಕೇ, ಹೇಳಿ?