ನೀರಿನ ಕಮಿಟಿಯ ಪಂಕಜಾ ಆಂಟಿ

ಪಂಕಜಾ ಆಂಟಿಗೆ ಮೈಕ್ ಬೇಕಾಗಿರಲಿಲ್ಲ. ಕ್ರೋಂಪೇಟೆಯ ನಮ್ಮ ಕಾಲೊನಿಯ ನೀರಿನ ಟ್ಯಾಂಕಿನ ಕೆಳಗೆ ನಿಂತು ಅವರು “ಎಲ್ಲಾರೂ ಬನ್ರಪ್ಪಾ, ಮೀಟಿಂಗ್ ಶುರು” ಎಂದರೆ, ಕೊನೇ ಬೀದಿಯ ಮಹಡಿಯ ಮೇಲೆ ಬಟ್ಟೆ ಹರವುತ್ತಿದ್ದವರೂ ಬಗ್ಗಿ ನೋಡುತ್ತಿದ್ದರು. ರೈಲ್ವೆಯ ವಿಚಾರಣೆ ಕೌಂಟರಿನಲ್ಲಿ ಕೂತು, ಗಾಡಿಗಳು ಬರುವ ಹೊತ್ತನ್ನು ಸಾರಿ ಸಾರಿ ಹೇಳಿ ನಿವೃತ್ತರಾದವರು. ಹುಟ್ಟಿದ್ದು ಮೈಸೂರು, ಸಂಸಾರವೆಲ್ಲ ಚೆನ್ನೈ. ಕನ್ನಡದಲ್ಲಿ ಹತ್ತಿದ ವಾಕ್ಯದಿಂದ ತಮಿಳಿನಲ್ಲಿ ಇಳಿಯುತ್ತಿದ್ದರು. ಕೇಳುವವರು ಯಾರೂ ದಾರಿ ತಪ್ಪುತ್ತಿರಲಿಲ್ಲ.

ಕಾಲೊನಿ ಕಟ್ಟಿದಾಗ ಊರಿನ ನೀರಿನ ಪೈಪಾಗಲಿ ಒಳಚರಂಡಿಯಾಗಲಿ ಅಲ್ಲಿಯವರೆಗೆ ಬಂದಿರಲಿಲ್ಲವಂತೆ. ಹಾಗಾಗಿ ಮನೆಯವರೇ ಸೇರಿ ಬಾವಿ ತೋಡಿಸಿದರು, ಟ್ಯಾಂಕ್ ಕಟ್ಟಿಸಿದರು, ಕೊಳಚೆ ನೀರು ಶುದ್ಧಮಾಡುವ ಸಣ್ಣ ಘಟಕ ಹಾಕಿಸಿದರು. ಅದನ್ನೆಲ್ಲ ನೋಡಿಕೊಳ್ಳಲು ಐದು ಜನರ ಕಮಿಟಿ. ಯಾವ ಬೀದಿಗೆ ಮೊದಲು ನೀರು, ಪಂಪು ಕೆಟ್ಟರೆ ಯಾರನ್ನು ಕರೆಸುವುದು, ಎಲ್ಲ ಆ ಐವರ ಕೈಯಲ್ಲಿ. ನಾನು ಮದುವೆಯಾಗಿ ಕುಂದಾಪುರದಿಂದ ಇಲ್ಲಿನ ಬಾಡಿಗೆ ಮನೆಗೆ ಬಂದ ಕಾಲಕ್ಕೆ, ಕಮಿಟಿ ಗೋಪಾಲನ್ ಸಾರ್ ಮನೆಯ ಹಾಲ್‌ನಲ್ಲಿ ಬಾಗಿಲು ಹಾಕಿಕೊಂಡು ಸೇರುತ್ತಿತ್ತು. ಹೊರಗೆ ಬರುತ್ತಿದ್ದುದು ತೀರ್ಮಾನ, ಮತ್ತು ಬೋಂಡದ ವಾಸನೆ.

ಆ ಬಾಗಿಲ ಮೇಲಿನ ಸಿಟ್ಟಿಗೇ ಪಂಕಜಾ ಆಂಟಿ ಚುನಾವಣೆಗೆ ನಿಂತರು, ಗೆದ್ದರು, ಅಧ್ಯಕ್ಷೆಯಾದರು. ತಮಿಳರು “ತಲೈವಿ”, ಅಂದರೆ ನಾಯಕಿ, ಎಂದು ಕರೆಯತೊಡಗಿದರು. ಗೋಪಾಲನ್ ಸಾರ್ ಕಮಿಟಿಯಲ್ಲೇ ಉಳಿದರು, ಮುಖ ಬಿಗಿದುಕೊಂಡು. ಟ್ಯಾಂಕಿನ ಕೆಳಗಿನ ಮೊದಲ ಮೀಟಿಂಗಿನಲ್ಲಿ ನಾನು ಧೈರ್ಯ ಮಾಡಿ ಎದ್ದು, ಕೊನೇ ಬೀದಿಯ ನಮ್ಮ ನಲ್ಲಿಯಲ್ಲಿ ನೀರಿಗಿಂತ ಗಾಳಿಯೇ ಹೆಚ್ಚು ಬರುತ್ತದೆ ಎಂದೆ. ಗೋಪಾಲನ್ ಸಾರ್ ತಡೆದರು. ಮನೆ ಮಾಲೀಕರು ಮಾತ್ರ ಮಾತಾಡಬೇಕು, ಇವರು ಬಾಡಿಗೆಯವರು ಎಂದರು.

“ಬಾಡಿಗೆಯವ್ರು ಬಾಯಾರಿಕೆನೂ ಬಾಡಿಗೆಗೆ ತಂದಿದ್ದಾರಾ ಸಾರ್?” ಎಂದು ಆಂಟಿ ಕೇಳಿದರು. ಮತ್ತೆ ನನ್ನತ್ತ ತಿರುಗಿ, “ನೀನ್ ಹೇಳಮ್ಮಾ. ಜೋರಾಗಿ ಹೇಳು. ಪಂಪಿಗೂ ಕೇಳಿಸ್ಲಿ” ಎಂದರು.

ಆಮೇಲೆ ಅವರು ತಂದ ನಿಯಮ ಇದು: ಕಮಿಟಿಯವರ ಮನೆಗಳಿಗೆ ನೀರು ಎಲ್ಲರಿಗಿಂತ ಕೊನೆಗೆ. ಆಗ ಮಾತ್ರ ಅವರಿಗೆ ಎಲ್ಲ ಬೀದಿಗಳ ವಾಲ್ವು ತೆರೆಯುವ ನೆನಪಿರುತ್ತದಂತೆ. ಇದರ ಮೊದಲ ಪೆಟ್ಟು ತಿಂದವರು ಆಂಟಿಯ ಯಜಮಾನರು ಶ್ರೀಪತಿ ಅಂಕಲ್. ಅರ್ಧ ಗಡ್ಡ ಹೆರೆದುಕೊಂಡು, ಇನ್ನರ್ಧಕ್ಕೆ ನೊರೆ ಮೆತ್ತಿಕೊಂಡು, ಚೊಂಬು ಹಿಡಿದು ನಮ್ಮ ಬಾಗಿಲಿಗೆ ಬಂದರು. “ನಿಮ್ಮ ತಲೈವಿಯ ಆಡಳಿತ ನನ್ನ ಕೆನ್ನೆಗೆ ಬಂತಮ್ಮಾ. ಒಂದು ಚೊಂಬು ನೀರು ಕೊಡು” ಎಂದರು. ನಾನು ನಗುತ್ತಲೇ ತುಂಬಿಸಿಕೊಟ್ಟೆ. ಆಗ ನಮ್ಮ ನಲ್ಲಿ ಧಾರಾಳವಾಗಿ ಸುರಿಯುತ್ತಿತ್ತು.

ಆದರೆ ಆಂಟಿ ಎಂಥವರು ಎಂದು ನಾನು ಕಂಡದ್ದು ತಮಿಳರ ಐಪ್ಪಸಿ ತಿಂಗಳ ಒಂದು ಮಳೆಯಲ್ಲಿ. ನಡುಬೀದಿಯ ಮ್ಯಾನ್‌ಹೋಲ್ ಕಟ್ಟಿಕೊಂಡು ಕೊಳಚೆ ಅಂಗಳಗಳಿಗೆ ನುಗ್ಗಿತ್ತು. ಬ್ಯಾಂಕಿಗೆ ಹೊರಟವಳು ನಾನು ಸೀರೆ ಎತ್ತಿ ಹಿಡಿದು ನಿಂತಿದ್ದೆ. ಪಲ್ಲಾವರಂ ಕಡೆಯಿಂದ ಕೊಳಚೆ ಎಳೆಯುವ ಯಂತ್ರದ ಲಾರಿ ಬರುವುದು ಮಧ್ಯಾಹ್ನವಾಗುತ್ತದೆ ಎಂದು ತಿಳಿದ ಗೋಪಾಲನ್ ಸಾರ್, ಮುತ್ತು ಎಂಬಾತನನ್ನು ಒಳಗಿಳಿಸಲು ಕರೆಸಿದ್ದರು. ಆತ ಅಂಗಿ ಬಿಚ್ಚಿ, ಸೊಂಟಕ್ಕೆ ಹಗ್ಗ ಬಿಗಿದುಕೊಳ್ಳುತ್ತಿದ್ದ. ಅಷ್ಟರಲ್ಲಿ ಪಂಕಜಾ ಆಂಟಿ ಪ್ಲಾಸ್ಟಿಕ್ ಕುರ್ಚಿಯೊಂದನ್ನು ಎಳೆದುಕೊಂಡು ಬಂದರು; ಇನ್ನೂ ತೆರೆಯದ ಮುಚ್ಚಳದ ಮೇಲೆ ಅದನ್ನಿಟ್ಟು, ಕೊಡೆ ಬಿಚ್ಚಿ ಕೂತುಬಿಟ್ಟರು.

“ಒಳಗೆ ವಿಷದ ಗಾಳಿ ಇರತ್ತೆ. ಮನುಷ್ಯರನ್ನ ಇಳಿಸಕೂಡದು. ಕಾನೂನೂ ಹಾಗೇ ಹೇಳತ್ತೆ” ಎಂದರು.

“ವಾಸನೆ ತಡೆಯೋಕಾಗ್ತಿಲ್ಲ ತಲೈವಿ!” ಎಂದು ಯಾರೋ ಕೂಗಿದರು.

“ನಂಗೂ ಮೂಗಿದೆಯಪ್ಪಾ. ಅದ್ರ ಮೇಲೇ ಕೂತಿದೀನಿ.”

ಗೋಪಾಲನ್ ಸಾರ್ ಕಮಿಟಿಯವರನ್ನು ಅಲ್ಲೇ ಸೇರಿಸಿ, ಬಹುಮತದಿಂದ ತೀರ್ಮಾನಿಸೋಣ ಎಂದರು. ಆಂಟಿಯನ್ನು ಬಿಟ್ಟು ಉಳಿದ ನಾಲ್ವರ ಕೈಯೂ ಮೇಲೆದ್ದಿತು. ಬಾಗಿಲು ತೆರೆದು ಮೀಟಿಂಗ್ ಮಾಡಬೇಕು, ಎಲ್ಲರ ಮಾತಿಗೂ ಬೆಲೆ ಕೊಡಬೇಕು ಎಂದು ಕಲಿಸಿದವರು ಆಂಟಿಯೇ ಅಲ್ಲವೆ? ಈಗ ಬಹುಮತ ಮೀರುವುದು ಹೇಗೆ?

ಆಂಟಿ ಆ ಕೈಗಳನ್ನು ಒಂದೊಂದಾಗಿ ನೋಡಿದರು. “ಸರಿ, ಬಹುಮತ ಆಯ್ತು. ನಾನು ಏಳ್ತೀನಿ. ಕೈ ಎತ್ತಿದೋರಲ್ಲಿ ಒಬ್ರು ಮೊದ್ಲು ಇಳೀರಿ. ಆಮೇಲೆ ಮುತ್ತು ಇಳೀತಾನೆ.”

ಕೈಗಳು ಒಂದೊಂದಾಗಿ ಕೆಳಗಿಳಿದವು. ಎಲ್ಲಕ್ಕಿಂತ ಕೊನೆಗೆ ಇಳಿದದ್ದು ಗೋಪಾಲನ್ ಸಾರ್ ಕೈ.

ಮುತ್ತು ಮಾತ್ರ ತಲೆ ಕೆರೆದುಕೊಂಡು, ಇವತ್ತಿನ ಕೂಲಿ ಹೋಯಿತಲ್ಲಮ್ಮಾ ಎಂದು ಗೊಣಗಿದ. “ಎಲ್ಲಿಗೂ ಹೋಗಲ್ಲ, ಕೂತ್ಕೋ” ಎಂದು ಆಂಟಿ ಗದರಿ, ಮನೆಯಿಂದ ಅವನಿಗೂ ಕುರ್ಚಿ ತರಿಸಿದರು, ಬಿಸಿ ಬಿಸಿ ಕಾಫಿ ತರಿಸಿದರು. ಮಧ್ಯಾಹ್ನದವರೆಗೆ ಇಬ್ಬರೂ ಒಂದೇ ಕೊಡೆಯಡಿ ಕೂತು, ಅವನ ಮಗಳ ಶಾಲೆಯ ವಿಷಯ ಮಾತಾಡಿದರು. ಕೊನೆಗೂ ಬಂದ ಯಂತ್ರ ಗರ್ರೆಂದು ಎಳೆದು ತೆಗೆದದ್ದು ತೆಂಗಿನ ನಾರು, ಒಂದು ಲಂಗ, ಮತ್ತು ‘ವೆಲ್‌ಕಮ್’ ಎಂದು ಬರೆದಿದ್ದ ಕಾಲೊರಸು. ಇಡೀ ಬೀದಿ ಮೂಗು ಮುಚ್ಚಿಕೊಂಡೇ ನಕ್ಕಿತು. ಕಾಲೊರಸು ನನ್ನದೆಂದು ಯಾರೂ ಮುಂದೆ ಬರಲಿಲ್ಲ.

ಮುಂದಿನ ಸರ್ವಸದಸ್ಯರ ಸಭೆಯಲ್ಲಿ, ಯಾರನ್ನೂ ಎಂದೂ ಮ್ಯಾನ್‌ಹೋಲಿಗೆ ಇಳಿಸಕೂಡದೆಂಬ ನಿಯಮ ಒಪ್ಪಿಗೆಯಾಯಿತು. ಬಾಡಿಗೆಯವರಿಗೂ ಮತ ಹಾಕುವ, ಚುನಾವಣೆಗೆ ನಿಲ್ಲುವ ಹಕ್ಕು ಬಂತು. ಅಧ್ಯಕ್ಷರು ಎರಡು ಅವಧಿಗಿಂತ ಹೆಚ್ಚು ಕೂರಬಾರದೆಂಬುದನ್ನೂ ಆಂಟಿಯೇ ತಂದರು. ಅವರ ಎರಡನೇ ಅವಧಿ ಮುಗಿದಾಗ ಇನ್ನೊಮ್ಮೆ ನಿಲ್ಲಿ ಎಂದು ಎಲ್ಲರೂ ದುಂಬಾಲು ಬಿದ್ದೆವು. “ನಾನೇ ತಂದ ರೂಲನ್ನ ನಾನೇ ಮುರಿದ್ರೆ, ಮುಂದೆ ಮುರಿಯೋರೆಲ್ಲ ನನ್ ಹೆಸರು ಹೇಳಿ ಮುರೀತಾರೆ” ಎಂದು ನಿರಾಕರಿಸಿದರು. ಬದಲಿಗೆ ನನ್ನನ್ನು ಚುನಾವಣೆಗೆ ನಿಲ್ಲಿಸಿದರು.

ಅಧ್ಯಕ್ಷೆಯಾಗಿ ನಾನು ನಡೆಸಿದ ಮೊದಲ ಮೀಟಿಂಗಿನಲ್ಲಿ ಮೊದಲ ಪ್ರಶ್ನೆ ಅವರದೇ. “ಮೇಡಂ, ಘಟಕದಲ್ಲಿ ಶುದ್ಧ ಆದ ನೀರನ್ನ ಪಾರ್ಕಿಗೆ ಬಿಡಬೇಕು. ಗಿಡ ಎಲ್ಲಾ ಒಣಗ್ತಿವೆ, ನೀರೆಲ್ಲಿ ಹೋಗ್ತಿದೆ?” ಮೇಡಂ ಎಂದದ್ದಕ್ಕೇ ನಾನು ಅರ್ಧ ಬೆವತಿದ್ದೆ. ಏನೋ ತಡವರಿಸಿದೆ. ಮೀಟಿಂಗ್ ಮುಗಿದ ಮೇಲೆ ಆಂಟಿ ಬಂದು ನನ್ನ ಗಲ್ಲ ಹಿಂಡಿದರು.

“ಚೆನ್ನಾಗ್ ನಿಭಾಯಿಸಿದೆ ಕಣೇ. ಆದ್ರೆ ಅದು ಉತ್ತರ ಅಲ್ಲ. ಮುಂದಿನ ತಿಂಗಳು ಮತ್ತೆ ಕೇಳ್ತೀನಿ.”

“ಎಂತ ಆಂಟಿ, ಎಲ್ಲರ ಎದುರು ಹಾಗಾ ಕೇಳುದು?” ಎಂದು ಹುಸಿಮುನಿಸು ತೋರಿಸಿದೆ.

“ಎಲ್ಲರ ಎದುರೇ ಕೇಳ್ಬೇಕು” ಎಂದು ನಕ್ಕು ಹೊರಟರು. ನಾನು ಅವರನ್ನು ಕಂಡದ್ದು ಅದೇ ಕೊನೆ. ಆ ವಾರವೇ ಒಂದು ಬೆಳಿಗ್ಗೆ, ಪೇಪರ್ ಓದುತ್ತ ಕೂತಲ್ಲೇ ಅವರ ಹೃದಯ ನಿಂತಿತು.

ಮುಂದಿನ ಮೀಟಿಂಗಿಗೆ ಎಂದಿಗಿಂತ ಹೆಚ್ಚು ಜನ ಬಂದಿದ್ದರು. ಯಾರಿಗಾದರೂ ಪ್ರಶ್ನೆ ಇದೆಯೇ ಎಂದು ಕೇಳಿದೆ. ಗೋಪಾಲನ್ ಸಾರ್ ಮಂಡಿ ಹಿಡಿದುಕೊಂಡು ಎದ್ದರು. ತಮಿಳಿನಲ್ಲಿ ಹೇಳಿದರು: “ಹೋದ ತಿಂಗಳು ಪಂಕಜಾ ಕೇಳಿದ್ದಕ್ಕೆ ಇನ್ನೂ ಉತ್ತರ ಬಂದಿಲ್ಲ, ಮೇಡಂ.”