ಸರ್ವರ್ ಹೇಳಿದ ಸಾಕ್ಷಿ

ಕಮಲಾಪುರದ ಒಂದು ಕಚೇರಿಯ ಸರ್ವರ್ ಒಂದೇ ವಾರದಲ್ಲಿ ಮೂರು ಸಲ ತಾನಾಗಿ ನಿಂತಿತ್ತು. ಅದರ ರಿಪೇರಿಗೆಂದು ನಾನು ಕಲಬುರಗಿಯಿಂದ ಬಸ್ಸಿನಲ್ಲಿ ಹೋದೆ. ಅಲ್ಲಿನ ಸಾಹೇಬರು ಆಗಲೇ ತೀರ್ಮಾನ ಮಾಡಿಬಿಟ್ಟಿದ್ದರು: ಕಸ ಹೊಡೆಯುವ ನಾಗಮ್ಮ ವಾಯರ್ ಎಳೆದು ಸಡಿಲ ಮಾಡುತ್ತಾಳೆ, ನಾಳೆಯಿಂದ ಅವಳು ಬೇಡ. ಆಕೆಯನ್ನು ಕರೆಸಿ ಬಾಗಿಲ ಹತ್ತಿರ ನಿಲ್ಲಿಸಿದ್ದರು.

“ನಾ ಆ ಡಬ್ಬಿ ಮುಟ್ಟೇ ಇಲ್ರಿ,” ಎಂದಳು ನಾಗಮ್ಮ, ಮೆಲ್ಲಗೆ.

ತನ್ನೊಳಗೆ ಏನು ಕೆಟ್ಟಿತು, ಎಷ್ಟು ಗಂಟೆಗೆ ಕೆಟ್ಟಿತು ಎಂಬುದನ್ನು ಸರ್ವರ್ ತಾನೇ ಬರೆದಿಟ್ಟುಕೊಳ್ಳುತ್ತದೆ. ಆ ಪಟ್ಟಿ ತೆಗೆದೆ. ಮೂರೂ ಸಲ ಮಧ್ಯಾಹ್ನ ಮೂರರ ಸುಮಾರಿಗೆ ಒಳಗಿನ ಫ್ಯಾನ್ ನಿಂತು, ಬಿಸಿಯೇರಿ, ಯಂತ್ರ ಬಂದ್ ಆಗಿತ್ತು; ವಾಯರಿನಿಂದ ಬರುವ ಕರೆಂಟ್ ಒಮ್ಮೆಯೂ ತಪ್ಪಿರಲಿಲ್ಲ. ನಾಗಮ್ಮ ಕಸ ಹೊಡೆದು ಮನೆಗೆ ಹೋಗುವುದು ಬೆಳಿಗ್ಗೆ ಒಂಬತ್ತಕ್ಕೇ. ಪಟ್ಟಿಯನ್ನು ಪ್ರಿಂಟ್ ಮಾಡಿ ಸಾಹೇಬರಿಗೆ ವಿವರಿಸಿದೆ.

“ಹಂಗಾದ್ರ ಫ್ಯಾನ್ ಬದಲಿ ಮಾಡ್ರಿ. ಆಕಿ ಇರ್ಲಿ,” ಎಂದರು.

ನಾನು ಹೊರಡುವಾಗ ನಾಗಮ್ಮ ಹಿಂದೆಯೇ ಬಂದಳು. “ಆ ಕಾಗದದಾಗ ನನ್ನ ಹೆಸರು ಅದ ಏನ್ರಿ?”

“ಎಲ್ಲೂ ಇಲ್ಲ, ಅಕ್ಕಾ.”

“ಹಂಗಾದ್ರ ನನಗೂ ಒಂದು ಕೊಡ್ರಿ. ಮನ್ಯಾಗ ಇಟ್ಕೋತೀನಿ.”

ಒಳಗೆ ಹೋಗಿ ಇನ್ನೊಂದು ಪ್ರಿಂಟ್ ತೆಗೆದು ಕೊಟ್ಟೆ. ಇಷ್ಟು ವರ್ಷದ ನೌಕರಿಯಲ್ಲಿ ಅಂಥ ಪಟ್ಟಿಯನ್ನು ನನ್ನಿಂದ ಕೇಳಿ ಪಡೆದವಳು ಆಕೆಯೊಬ್ಬಳೇ. ಸಾಹೇಬರು ತಮ್ಮ ಪ್ರತಿಯ ಮೇಲೆ ಚಹಾದ ಕಪ್ ಇಟ್ಟಿದ್ದರು.